ಲ್ಯಾಪ್‌ಟಾಪ್‌ಗೆ ಎರಡು ಮಾನಿಟರ್: ಮೊದಲು ಪೋರ್ಟ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಎರಡು ಮಾನಿಟರ್ ಹಾಕಿಕೊಳ್ಳಬೇಕು ಅಂತ ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಮಾನಿಟರ್ ಕೊಳ್ಳುತ್ತಾರೆ. ಆಮೇಲೆ ಕೇಬಲ್ ಹುಡುಕುತ್ತಾರೆ. ಎರಡನೆಯದರಲ್ಲಿ ಚಿತ್ರ ಬರದಿದ್ದಾಗ ಕೊನೆಗೆ ಲ್ಯಾಪ್‌ಟಾಪ್‌ನ ಪೋರ್ಟ್ ಕಡೆ ನೋಡುತ್ತಾರೆ. ನೀವು ಇದನ್ನು ಹಿಂದುಮುಂದು ಮಾಡಿ. ಒಂದು ಲ್ಯಾಪ್‌ಟಾಪ್ ಎಷ್ಟು ಸ್ಕ್ರೀನ್ ಓಡಿಸಬಲ್ಲದು ಎಂಬುದು ಅದರ ಗ್ರಾಫಿಕ್ಸ್ ಚಿಪ್ ಮತ್ತು ಪೋರ್ಟ್‌ಗಳಲ್ಲೇ ತೀರ್ಮಾನವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳು ಸಾಮಾನ್ಯವಾಗಿ ಆ ಮಿತಿಯನ್ನು ದಾಟಿಸುವುದಿಲ್ಲ. ದಾಟಿಸುವಂಥ ಒಂದು ಬಗೆ ಇದೆ, ಅದರ ವಿಷಯ ಮುಂದೆ ಬರುತ್ತದೆ.

ಇಲ್ಲಿ ನಾನು ಕಣ್ಣ ಮುಂದೆ ಇಟ್ಟುಕೊಂಡಿರುವುದು ಮನೆಯಿಂದ ಕೆಲಸ ಮಾಡುವವರ ಮೇಜು. ಒಂದು ಲ್ಯಾಪ್‌ಟಾಪ್, 24 ಅಥವಾ 27 ಇಂಚಿನ ಎರಡು ಮಾನಿಟರ್. ಗೇಮ್ ಆಡುವವರ ಬೇಡಿಕೆಗಳು ಬೇರೆ, ಅವು ಇಲ್ಲಿಲ್ಲ.

ಮೊದಲು ಲ್ಯಾಪ್‌ಟಾಪ್ ತಿರುಗಿಸಿ ನೋಡಿ

ಲ್ಯಾಪ್‌ಟಾಪ್‌ನ ಎರಡೂ ಪಕ್ಕ ಮತ್ತು ಹಿಂಭಾಗದಲ್ಲಿ ಯಾವ ಯಾವ ಪೋರ್ಟ್ ಇವೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಚಿತ್ರ ಕಳಿಸುವ ಪೋರ್ಟ್‌ಗಳು ಮುಖ್ಯವಾಗಿ ನಾಲ್ಕು ಬಗೆ.

ಎಚ್‌ಡಿಎಂಐ ಎಲ್ಲರಿಗೂ ಗೊತ್ತು. ಟಿವಿಗೆ ಸೆಟ್‌ಟಾಪ್ ಬಾಕ್ಸ್ ಸಿಕ್ಕಿಸುವ ಪೋರ್ಟ್ ಅದೇ. ಡಿಸ್‌ಪ್ಲೇಪೋರ್ಟ್ ನೋಡಲು ಅದರಂತೆಯೇ ಇರುತ್ತದೆ, ಆದರೆ ಒಂದು ಮೂಲೆ ಮಾತ್ರ ಕತ್ತರಿಸಿದಂತಿರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಇದು ಕಡಿಮೆ, ಮಾನಿಟರ್‌ಗಳ ಹಿಂದೆ ಜಾಸ್ತಿ. ವಿಜಿಎ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿದ್ದ ನೀಲಿ ಬಣ್ಣದ, 15 ಪಿನ್‌ನ ಪೋರ್ಟ್. ಕೊನೆಯದು ಟೈಪ್-ಸಿ. ಗೊಂದಲವೆಲ್ಲ ಇದರಲ್ಲೇ ಇರುವುದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡೋಣ.

ಟೈಪ್-ಸಿ ಎಂದರೆ ಪೋರ್ಟ್‌ನ ಆಕಾರ, ಅಷ್ಟೇ. ಒಳಗೆ ಏನೇನು ಹರಿಯುತ್ತದೆ ಎಂಬುದನ್ನು ಆಕಾರ ಹೇಳುವುದಿಲ್ಲ. ಕೆಲವು ಟೈಪ್-ಸಿ ಪೋರ್ಟ್‌ಗಳು ಫೈಲ್ ಸಾಗಿಸುತ್ತವೆ, ಚಿತ್ರ ಕಳಿಸುವುದಿಲ್ಲ. ಕೆಲವು ಚಾರ್ಜ್ ಮಾತ್ರ ತೆಗೆದುಕೊಳ್ಳುತ್ತವೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಟೈಪ್-ಸಿ ಇದ್ದು, ಅದರಲ್ಲಿ ಒಂದಕ್ಕೆ ಮಾತ್ರ ಚಿತ್ರ ಕಳಿಸುವ ಶಕ್ತಿ ಇರುವುದೂ ಉಂಟು. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಬರೀ ಡೇಟಾಗೆ ಇರುವುದು ಸಾಮಾನ್ಯ.

ಪೋರ್ಟ್ ಪಕ್ಕದ ಗುರುತನ್ನು ನೋಡಿ. ಮಿಂಚಿನ ಗುರುತು ಬಾಣದ ತುದಿಯೊಂದಿಗೆ ಇದ್ದರೆ ಅದು ಥಂಡರ್‌ಬೋಲ್ಟ್, ಅಂದರೆ ಟೈಪ್-ಸಿ ಆಕಾರದ ಹೆಚ್ಚು ವೇಗದ ಪೋರ್ಟ್. ಚಿತ್ರ ಖಂಡಿತ ಬರುತ್ತದೆ. ಡಿ ಅಕ್ಷರದೊಳಗೆ ಪಿ ಕೂತಂತಿರುವ ಗುರುತು ಡಿಸ್‌ಪ್ಲೇಪೋರ್ಟ್‌ನದು. ಅದಿದ್ದರೂ ಚಿತ್ರ ಬರುತ್ತದೆ. ಬರೀ ಯುಎಸ್‌ಬಿಯ ತ್ರಿಶೂಲದಂಥ ಗುರುತು, ಪಕ್ಕದಲ್ಲಿ ಎಸ್‌ಎಸ್ ಎಂದೋ 5, 10 ಎಂದೋ ಇದ್ದರೆ ಅನುಮಾನಪಡಿ. ಏನೂ ಗುರುತಿಲ್ಲದ ಲ್ಯಾಪ್‌ಟಾಪ್‌ಗಳೂ ಬೇಕಾದಷ್ಟಿವೆ. ಆಗ ತಳಭಾಗದ ಸ್ಟಿಕ್ಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಹಿಡಿದು ಕಂಪನಿಯ ಸೈಟ್‌ಗೇ ಹೋಗಬೇಕು. ಲೆನೊವೊದವರ ಪಿಎಸ್‌ರೆಫ್ ಸೈಟ್‌ನಲ್ಲಿ ಮಾನಿಟರ್‌ಗಳ ಬಗ್ಗೆಯೇ ಒಂದು ಸಾಲು ಇರುತ್ತದೆ. ಎಷ್ಟು ಸ್ಕ್ರೀನ್, ಯಾವ ಪೋರ್ಟ್‌ನಿಂದ ಎಷ್ಟು ರೆಸಲ್ಯೂಷನ್ (ಸ್ಕ್ರೀನ್‌ನ ಚುಕ್ಕಿಗಳ ಲೆಕ್ಕ) ಎಲ್ಲವೂ ಅಲ್ಲಿ ಸಿಗುತ್ತದೆ. ಡೆಲ್ ಆದರೆ ಸ್ಟಿಕ್ಕರ್‌ನ ಸರ್ವೀಸ್ ಟ್ಯಾಗ್ ಹಾಕಿ ಮ್ಯಾನ್ಯುವಲ್ ತೆರೆಯಿರಿ. ಟೈಪ್-ಸಿ ಸಾಲಿನಲ್ಲಿ ಡಿಸ್‌ಪ್ಲೇಪೋರ್ಟ್, ಆಲ್ಟ್ ಮೋಡ್ (ಟೈಪ್-ಸಿಯಿಂದ ಚಿತ್ರ ಕಳಿಸುವ ವಿಧಾನ) ಅಥವಾ ಥಂಡರ್‌ಬೋಲ್ಟ್ ಎಂಬ ಮಾತು ಕಂಡರೆ ಸರಿ. ಬರೀ ಯುಎಸ್‌ಬಿ 3.2 ಎಂದು ಬರೆದು ಸುಮ್ಮನಿದ್ದರೆ ಆ ಪೋರ್ಟ್‌ನಿಂದ ಚಿತ್ರ ನಿರೀಕ್ಷಿಸಬೇಡಿ.

ಶೋರೂಮ್‌ನವರ ಮಾತಿಗಿಂತ, ಆನ್‌ಲೈನ್ ಅಂಗಡಿಯ ವಿವರಣೆಗಿಂತ ಕಂಪನಿಯ ಈ ಪುಟವನ್ನು ನಂಬಿ. ಒಂದೇ ಹೆಸರಿನ ಲ್ಯಾಪ್‌ಟಾಪ್ ಬೇರೆ ಬೇರೆ ಮಾಡೆಲ್‌ಗಳಲ್ಲಿ ಬರುತ್ತದೆ, ಪೋರ್ಟ್‌ಗಳೂ ಬದಲಾಗಿರುತ್ತವೆ. ಹೆಸರು ಮಾತ್ರ ನೋಡಿದರೆ ಸಾಲದು, ನಂಬರ್ ಬೇಕು.

ಕಚೇರಿಯಲ್ಲೋ ಗೆಳೆಯರ ಹತ್ತಿರವೋ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಇದ್ದರೆ ಒಂದು ಸಂಜೆಗೆ ಕೇಳಿ ತನ್ನಿ. ಮನೆಯ ಟಿವಿಗೇ ಸಿಕ್ಕಿಸಿ ನೋಡಬಹುದು. ಚಿತ್ರ ಬಂದರೆ ಅದಕ್ಕಿಂತ ದೊಡ್ಡ ಪುರಾವೆ ಬೇಡ. ಬರದಿದ್ದಾಗ ವಿಂಡೋಸ್ ಕೆಲವು ಸಲ ಡಿಸ್‌ಪ್ಲೇ ಸಂಪರ್ಕಕ್ಕೆ ಮಿತಿ ಇರಬಹುದು ಎಂಬ ಅರ್ಥದ ಸೂಚನೆಯನ್ನು ಬಲಗಡೆ ಕೆಳಗೆ ತೋರಿಸುತ್ತದೆ. ಆ ಸೂಚನೆ ಬಂದರೆ ಬೇರೆ ಟೈಪ್-ಸಿ ಪೋರ್ಟ್ ಇದ್ದರೆ ಅದರಲ್ಲೂ ಒಮ್ಮೆ ನೋಡಿ.

ಚಿಪ್ ಎಷ್ಟು ಸ್ಕ್ರೀನ್ ಹೊರುತ್ತದೆ?

ವಿಂಡೋಸ್ ಲ್ಯಾಪ್‌ಟಾಪ್ ಇರುವವರು ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ 2012ರ ಮೂರನೇ ತಲೆಮಾರಿನ ಚಿಪ್‌ಗಳಿಂದಲೇ ಮೂರು ಸ್ಕ್ರೀನ್ ಹೊರುತ್ತಿದೆ. ಲ್ಯಾಪ್‌ಟಾಪ್‌ನ 11ನೇ ತಲೆಮಾರಿನಿಂದ ಅದು ನಾಲ್ಕಾಗಿದೆ. ಈ ಲೆಕ್ಕದಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಸ್ಕ್ರೀನ್ ಕೂಡ ಸೇರಿದೆ ಎಂಬುದು ನೆನಪಿರಲಿ. ಅಂದರೆ ಮೂರರ ಮಿತಿಯಲ್ಲಿ ಹೊರಗಿನ ಮಾನಿಟರ್ ಎರಡು. ಎಎಂಡಿ ರೈಜನ್ ಇದ್ದರೂ ಹೊರಗೆ ಎರಡು ಸಲೀಸು.

ಮ್ಯಾಕ್‌ಬುಕ್ ಇರುವವರು ಮಾತ್ರ ಇದನ್ನು ಗಮನವಿಟ್ಟು ಓದಿ. 2020ರ ಎಂ1 ಮತ್ತು 2022ರ ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್‌ಗಳು ಅಧಿಕೃತವಾಗಿ ಒಂದೇ ಒಂದು ಹೊರಗಿನ ಮಾನಿಟರ್ ಓಡಿಸುತ್ತವೆ. ಎರಡು ಟೈಪ್-ಸಿ ಇವೆ, ಎರಡೂ ಥಂಡರ್‌ಬೋಲ್ಟ್, ಆದರೂ ಮಾನಿಟರ್ ಒಂದೇ. ಮಿತಿ ಇರುವುದು ಚಿಪ್‌ನಲ್ಲಿ. 2024ರ ಎಂ3 ಏರ್ ಎರಡು ಓಡಿಸುತ್ತದೆ, ಆದರೆ ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿರಬೇಕು. 2025ರ ಎಂ4 ಏರ್‌ಗೆ ಆ ಕಟ್ಟುಪಾಡೂ ಇಲ್ಲ, ಮುಚ್ಚಳ ತೆರೆದೇ ಎರಡು ಹಾಕಬಹುದು. ಚಿಪ್‌ನ ಹೆಸರಿನಲ್ಲಿ ಪ್ರೊ ಅಥವಾ ಮ್ಯಾಕ್ಸ್ ಇದ್ದರೆ ಎರಡಕ್ಕೆ ಯೋಚನೆಯೇ ಬೇಡ. ಹಳೆಯ ಎಂ1 ಏರ್ ಈಗಲೂ ತುಂಬಾ ಜನರ ಕೈಯಲ್ಲಿದೆ. ಅದಕ್ಕೆ ಎರಡು ಎಚ್‌ಡಿಎಂಐ ಇರುವ ಸಾಧಾರಣ ಹಬ್ (ಒಂದು ಪೋರ್ಟ್‌ನಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ) ತಂದು ಎರಡರಲ್ಲೂ ಒಂದೇ ಚಿತ್ರ ಬಂತಲ್ಲ ಅಂತ ಬೇಜಾರಾಗುವವರೂ ತುಂಬಾ ಜನ.

ನಿಮ್ಮ ಲ್ಯಾಪ್‌ಟಾಪ್‌ಗೆ ಯಾವ ದಾರಿ

ಒಂದು ಎಚ್‌ಡಿಎಂಐ, ಚಿತ್ರ ಕಳಿಸುವ ಒಂದು ಟೈಪ್-ಸಿ ಇದ್ದರೆ ನೀವು ಅದೃಷ್ಟವಂತರು. ಮೊದಲ ಮಾನಿಟರ್ ಎಚ್‌ಡಿಎಂಐಗೆ, ಎರಡನೆಯದು ಟೈಪ್-ಸಿಗೆ. ಡಾಕ್ (ಹಬ್‌ನಂಥದೇ ದೊಡ್ಡ ಪೆಟ್ಟಿಗೆ) ಬೇಡ, ಡ್ರೈವರ್ (ಸಾಧನ ಓಡಿಸುವ ಸಾಫ್ಟ್‌ವೇರ್) ಬೇಡ. ಟೈಪ್-ಸಿಯಿಂದ ನೇರವಾಗಿ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಒಂದು ಕೇಬಲ್ ಸಾಕು. ಎಲ್ಲ ದಾರಿಗಳಿಗಿಂತ ಇದು ಅಗ್ಗ, ಕೆಡುವುದೂ ಕಡಿಮೆ. ಹೀಗೆ ಮಾಡಲು ಸಾಧ್ಯವಿದ್ದಾಗ ಬೇರೆ ಯಾವ ಪೆಟ್ಟಿಗೆಯನ್ನೂ ನಡುವೆ ತರಬೇಡಿ ಎಂಬುದು ನನ್ನ ಖಚಿತ ಸಲಹೆ.

ಕೇಬಲ್‌ಗಳಿಗೆ ದಿಕ್ಕು ಇದೆ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಎಂದು ಮಾರುವ ಸಾಮಾನ್ಯ ಕೇಬಲ್ ಲ್ಯಾಪ್‌ಟಾಪ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ತಿರುಗಿಸಿ ಹಾಕಿದರೆ ಸಿಕ್ಕಿಕೊಳ್ಳುತ್ತದೆ, ಚಿತ್ರ ಬರುವುದಿಲ್ಲ. ಟೈಪ್-ಸಿಯಿಂದ ಎಚ್‌ಡಿಎಂಐಗೆ, ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವಂಥವುಗಳೂ ಹೀಗೆಯೇ. ಅಂಗಡಿಯಲ್ಲಿ ಕೇಳುವಾಗ ಯಾವುದು ಲ್ಯಾಪ್‌ಟಾಪ್ ಕಡೆ, ಯಾವುದು ಮಾನಿಟರ್ ಕಡೆ ಅಂತ ಬಿಡಿಸಿ ಹೇಳಿ.

ಫೋನ್ ಜೊತೆ ಬಂದ ಟೈಪ್-ಸಿ ಚಾರ್ಜಿಂಗ್ ಕೇಬಲ್ ಮಾನಿಟರ್‌ಗೆ ಆಗುವುದಿಲ್ಲ. ಅಂಥ ಕೇಬಲ್‌ಗಳಲ್ಲಿ ಚಿತ್ರ ಸಾಗಿಸುವ ವೇಗದ ತಂತಿಗಳೇ ಸಾಮಾನ್ಯವಾಗಿ ಇರುವುದಿಲ್ಲ. ಚಾರ್ಜ್ ಆಗುತ್ತದೆ, ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಟೈಪ್-ಸಿ ಮಾನಿಟರ್ ಕೊಂಡಿದ್ದರೆ ಡಬ್ಬಿಯೊಳಗೆ ಬಂದ ಕೇಬಲ್ ಅನ್ನೇ ಬಳಸಿ.

ಎಚ್‌ಡಿಎಂಐ ಇಲ್ಲ, ಚಿತ್ರ ಕಳಿಸುವ ಒಂದೇ ಟೈಪ್-ಸಿ ಇದೆ ಅನ್ನಿ. ಆಗ ಡಿಸ್‌ಪ್ಲೇಪೋರ್ಟ್‌ನ ಎಂಎಸ್‌ಟಿ ಎಂಬ ಸೌಲಭ್ಯ ಕೈಹಿಡಿಯುತ್ತದೆ. 2010ರ ಡಿಸ್‌ಪ್ಲೇಪೋರ್ಟ್ 1.2ರಿಂದ ಇದು ಬಂದಿದೆ. ಒಂದೇ ಪೋರ್ಟ್‌ನಿಂದ ಎರಡು ಮೂರು ಬೇರೆ ಬೇರೆ ಚಿತ್ರಗಳನ್ನು ಕಳಿಸಿ, ಆಚೆ ಬದಿಯಲ್ಲಿ ಬಿಡಿಸಿಕೊಳ್ಳುವ ವಿಧಾನ. ಇದನ್ನು ಎಂಎಸ್‌ಟಿ ಹಬ್ ಅಥವಾ ಡಾಕ್ ಮೂಲಕ ಮಾಡಬಹುದು. ಇಲ್ಲವೇ ಒಂದು ಮಾನಿಟರ್‌ನಿಂದ ಇನ್ನೊಂದಕ್ಕೆ ಸರಪಳಿಯಾಗಿ ಸೇರಿಸಬಹುದು. ಸರಪಳಿಗೆ ಮೊದಲ ಮಾನಿಟರ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಔಟ್ ಇರಲೇಬೇಕು. ಡೆಲ್‌ನ ಅಲ್ಟ್ರಾಶಾರ್ಪ್ ಸಾಲಿನ ಕೆಲವು ಮಾಡೆಲ್‌ಗಳಲ್ಲಿ ಅದಿದೆ, ಸಾಮಾನ್ಯ ಮಾನಿಟರ್‌ಗಳಲ್ಲಿ ಇರುವುದಿಲ್ಲ. ಸೇರಿಸಿದ ಮೇಲೆ ಮೊದಲ ಮಾನಿಟರ್‌ನ ಮೆನುವಿನಲ್ಲಿ ಎಂಎಸ್‌ಟಿ ಆನ್ ಮಾಡಬೇಕು, ಕೊನೆಯದರಲ್ಲಿ ಆಫ್ ಇರಬೇಕು.

ಈ ದಾರಿಯಲ್ಲಿ ಪೋರ್ಟ್‌ನ ಸಾಮರ್ಥ್ಯ ಎರಡು ಮಾನಿಟರ್‌ಗೆ ಹಂಚಿಹೋಗುತ್ತದೆ. ಲೆಕ್ಕ ಹೀಗಿದೆ. ಸಾಮಾನ್ಯ ಫುಲ್ ಎಚ್‌ಡಿ (1920 x 1080 ಚುಕ್ಕಿ) ಮಾನಿಟರ್‌ಗೆ 60 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವಾಗ, ಸುಮಾರು 3.5 ಗಿಗಾಬಿಟ್ ಬೇಕು. 2560 x 1440ರ ಮಾನಿಟರ್‌ಗೆ ಸುಮಾರು 6, 4ಕೆ (3840 x 2160) ಮಾನಿಟರ್‌ಗೆ ಸುಮಾರು 13. ಇವೆಲ್ಲ ಒಂದು ಸೆಕೆಂಡಿನ ಲೆಕ್ಕ. ಡಿಸ್‌ಪ್ಲೇಪೋರ್ಟ್ 1.2 ಪೂರ್ತಿ ಸಿಕ್ಕರೆ ಬಳಕೆಗೆ ಬರುವುದು 17.28 ಗಿಗಾಬಿಟ್. ಅದರಲ್ಲಿ ಎರಡು 1440 ಮಾನಿಟರ್ ಆರಾಮಾಗಿ ಹೋಗುತ್ತವೆ. ಆದರೆ ತುಂಬಾ ಹಬ್‌ಗಳು ಯುಎಸ್‌ಬಿ ಪೋರ್ಟ್‌ಗಳ ವೇಗಕ್ಕಾಗಿ ಅರ್ಧ ತಂತಿಗಳನ್ನು ತೆಗೆದಿಟ್ಟುಕೊಳ್ಳುತ್ತವೆ. ಉಳಿಯುವುದು 8.64. ಅದರಲ್ಲಿ ಎರಡು ಫುಲ್ ಎಚ್‌ಡಿ ಹೋಗುತ್ತವೆ, ಎರಡು 1440 ಹೋಗುವುದಿಲ್ಲ. ಒಂದು 4ಕೆ ಹಾಕಿದರೂ 30 ಹರ್ಟ್ಜ್‌ಗೆ ಇಳಿಯುತ್ತದೆ. ಡಾಕ್‌ನ ಡಬ್ಬಿಯ ಮೇಲೆ 4ಕೆ ಎಂದು ದೊಡ್ಡದಾಗಿ ಬರೆದಿದ್ದಾಗ ಪಕ್ಕದ ಸಣ್ಣ ಅಕ್ಷರ ಓದಿ. 60 ಇದೆಯೋ 30 ಇದೆಯೋ, ಎರಡೂ ಮಾನಿಟರ್ ಹಾಕಿದಾಗ ಎಷ್ಟು ಎಂಬುದೇ ಮುಖ್ಯ.

ಮ್ಯಾಕ್ ಬಳಸುವವರಿಗೆ ಈ ಎಂಎಸ್‌ಟಿ ದಾರಿ ಇಲ್ಲ. ಹಬ್‌ನಲ್ಲಿ ಎರಡು ಮಾನಿಟರ್ ಹಾಕಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ. ನಿಮ್ಮ ಚಿಪ್ ಎರಡು ಮಾನಿಟರ್ ಹೊರುವುದಾದರೆ ಎರಡು ಟೈಪ್-ಸಿ ಪೋರ್ಟ್‌ಗೂ ಒಂದೊಂದು ಕೇಬಲ್ ಹಾಕಿ, ಇಲ್ಲವೇ ಥಂಡರ್‌ಬೋಲ್ಟ್ ಡಾಕ್ ತನ್ನಿ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಥಂಡರ್‌ಬೋಲ್ಟ್ 4 ಇದ್ದರೆ ಕೆಲಸ ಹಗುರ. ಆ ಹೆಸರು ಹಾಕಿಕೊಳ್ಳಬೇಕಾದರೆ ಲ್ಯಾಪ್‌ಟಾಪ್ 60 ಹರ್ಟ್ಜ್‌ನ ಎರಡು 4ಕೆ ಮಾನಿಟರ್ ಓಡಿಸಲೇಬೇಕು ಎಂಬುದು ಅದರ ನಿಯಮ. ಥಂಡರ್‌ಬೋಲ್ಟ್ ಡಾಕ್ ದುಬಾರಿ, ನಿಜ. ಆದರೆ ದಿನಾ ಲ್ಯಾಪ್‌ಟಾಪ್ ಎತ್ತಿಕೊಂಡು ಕಚೇರಿಗೆ ಹೋಗಿ ಬಂದು ಮಾಡುವವರಿಗೆ ಒಂದೇ ಕೇಬಲ್ ಸಿಕ್ಕಿಸಿದರೆ ಚಾರ್ಜು, ಎರಡು ಮಾನಿಟರ್, ಕೀಬೋರ್ಡ್, ನೆಟ್ ಎಲ್ಲ ಒಟ್ಟಿಗೆ ಬರುತ್ತದೆ. ಲ್ಯಾಪ್‌ಟಾಪ್ ಒಂದೇ ಕಡೆ ಕೂತಿರುವವರು ಇದಕ್ಕೆ ದುಡ್ಡು ಹಾಕುವುದು ಬೇಡ.

ಕೊನೆಯ ಪರಿಸ್ಥಿತಿ: ಎಚ್‌ಡಿಎಂಐ ಒಂದೇ ಇದೆ, ಟೈಪ್-ಸಿ ಇಲ್ಲ ಅಥವಾ ಇದ್ದರೂ ಚಿತ್ರ ಕಳಿಸುವುದಿಲ್ಲ. ಇಲ್ಲವೇ ನಿಮ್ಮದು ಎಂ1, ಎಂ2 ಏರ್. ಇಲ್ಲಿ ಬಳಕೆಗೆ ಬರುವುದು ಡಿಸ್‌ಪ್ಲೇಲಿಂಕ್. ಮೊದಲಿಗೆ ಹೇಳಿದ ಮಿತಿ ದಾಟಿಸುವ ಬಗೆ ಇದೇ. ಹೆಸರು ಡಿಸ್‌ಪ್ಲೇಪೋರ್ಟ್‌ನಂತೆ ಕೇಳಿಸಿದರೂ ಇದು ಪೂರಾ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಹಾಕಿದ ಸಾಫ್ಟ್‌ವೇರ್ ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಸಾಮಾನ್ಯ ಯುಎಸ್‌ಬಿಯಲ್ಲಿ ಡೇಟಾದಂತೆ ಕಳಿಸುತ್ತದೆ. ಅಡಾಪ್ಟರ್‌ನ ಒಳಗಿನ ಚಿಪ್ ಅದನ್ನು ಬಿಡಿಸಿ ಮಾನಿಟರ್‌ಗೆ ಕೊಡುತ್ತದೆ. ಹಾಗಾಗಿ ಹಳೆಯ ಆಯತಾಕಾರದ ಯುಎಸ್‌ಬಿ 3 ಪೋರ್ಟ್ ಇದ್ದರೂ ನಡೆಯುತ್ತದೆ.

ಬರವಣಿಗೆ, ಎಕ್ಸೆಲ್, ಕೋಡಿಂಗ್, ಮೇಲ್ ಇಂಥ ಕೆಲಸಕ್ಕೆ ಡಿಸ್‌ಪ್ಲೇಲಿಂಕ್ ಚೆನ್ನಾಗಿದೆ. ವಿಡಿಯೋ ಎಡಿಟಿಂಗ್‌ಗೆ, ಗೇಮ್‌ಗೆ ಬೇಡ. ಪ್ರೊಸೆಸರ್‌ಗೆ ಸ್ವಲ್ಪ ಹೊರೆ ಬೀಳುತ್ತದೆ. ಮ್ಯಾಕ್‌ನಲ್ಲಿ ಅದು ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೇಳುತ್ತದೆ. ಕೊಡದಿದ್ದರೆ ಕೆಲಸ ಮಾಡುವುದಿಲ್ಲ. ಆ ಅನುಮತಿ ಇರುವಾಗ ಕಾಪಿ ತಡೆ ಇರುವ ಓಟಿಟಿ ಸಿನಿಮಾಗಳು ಕಪ್ಪಾಗಿ ಕಾಣಬಹುದು. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಡ್ರೈವರ್ ಹಾಕಲು ಐಟಿ ವಿಭಾಗದ ಒಪ್ಪಿಗೆ ಬೇಕಾಗುತ್ತದೆ. ಅಡಾಪ್ಟರ್ ಕೊಳ್ಳುವ ಮುಂಚೆಯೇ ಅವರನ್ನು ಕೇಳಿ.

ಎಚ್‌ಡಿಎಂಐ ಸ್ಪ್ಲಿಟ್ಟರ್ ಮಾತ್ರ ಕೊಳ್ಳಲೇಬೇಡಿ. ಒಂದು ಬದಿ ಎಚ್‌ಡಿಎಂಐ, ಇನ್ನೊಂದು ಬದಿ ಎರಡು. ನೋಡಿದರೆ ಇದೇ ಬೇಕಿತ್ತು ಅನ್ನಿಸುತ್ತದೆ. ಅದು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ ಅಷ್ಟೇ. ಮದುವೆ ಮನೆಯಲ್ಲಿ ಎರಡು ಟಿವಿಗೆ ಒಂದೇ ಕ್ಯಾಮೆರಾ ಕೊಡಲು ಅದು ಸರಿ, ನಿಮ್ಮ ಮೇಜಿಗೆ ಅಲ್ಲ.

ಮಾನಿಟರ್ ಆರಿಸುವಾಗ ಒತ್ತಕ್ಷರ ಓದಿ ನೋಡಿ

ಕನ್ನಡ ಜಾಸ್ತಿ ಓದುವವರಿಗೆ, ಬರೆಯುವವರಿಗೆ ಇದು ಮುಖ್ಯ. ಇಂಗ್ಲಿಷ್ ಅಕ್ಷರ ತೀರಾ ಸಣ್ಣದಾದರೂ ಊಹಿಸಿ ಓದಿಬಿಡಬಹುದು. ನಮ್ಮ ಒತ್ತಕ್ಷರ ಹಾಗಲ್ಲ. ತ ಒತ್ತೋ ನ ಒತ್ತೋ ಎಂಬುದು ನಾಲ್ಕಾರು ಚುಕ್ಕಿಗಳಲ್ಲಿ ತೀರ್ಮಾನವಾಗುತ್ತದೆ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ. ಅದೇ ಫುಲ್ ಎಚ್‌ಡಿ 27 ಇಂಚಿಗೆ ಹಿಗ್ಗಿದರೆ 82. ಅಕ್ಷರದ ಅಂಚು ಒರಟಾಗಿ ಕಾಣುತ್ತದೆ. 27 ಇಂಚು ಬೇಕಾದರೆ 2560 x 1440 ತೆಗೆದುಕೊಳ್ಳಿ, 109 ಚುಕ್ಕಿ ಸಿಗುತ್ತದೆ. 27 ಇಂಚಿನ 4ಕೆಯಲ್ಲಿ 163. ಅದಕ್ಕೆ 150 ಪರ್ಸೆಂಟ್ ಸ್ಕೇಲಿಂಗ್ (ಅಕ್ಷರ ದೊಡ್ಡದು ಮಾಡುವ ಸೆಟ್ಟಿಂಗ್) ಕೊಟ್ಟರೆ ಅಕ್ಷರಗಳು ಅಚ್ಚಾದ ಪುಸ್ತಕದ ಹತ್ತಿರ ಹತ್ತಿರ ಬರುತ್ತವೆ. ದಿನಪೂರ್ತಿ ಕನ್ನಡದ ಕರಡು ತಿದ್ದುವವರಿಗೆ ಆ ಹೆಚ್ಚಿನ ದುಡ್ಡು ಖಂಡಿತ ಸಾರ್ಥಕ.

ಸಾಧ್ಯವಾದರೆ ಎರಡೂ ಒಂದೇ ಮಾಡೆಲ್ ಕೊಳ್ಳಿ. ಬಣ್ಣ, ಎತ್ತರ, ಚುಕ್ಕಿಗಳ ಸಾಂದ್ರತೆ ಒಂದೇ ಇದ್ದರೆ ಸ್ಕ್ರೀನ್ ಮೇಲಿನ ಕಿಟಕಿ (ವಿಂಡೋ) ಇದರಿಂದ ಅದಕ್ಕೆ ಜರುಗಿಸಿದಾಗ ಅಕ್ಷರ ಹಿಗ್ಗಿ ಕುಗ್ಗುವುದಿಲ್ಲ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಂಥ ಜಾಗದ ಅನುಕೂಲವೇ ಇದು. ಲ್ಯಾಪ್‌ಟಾಪ್ ಜೊತೆಗೇ ಒಯ್ದು, ಅಂಗಡಿಯಲ್ಲೇ ಸಿಕ್ಕಿಸಿ, ಒಂದು ಕನ್ನಡ ಪತ್ರಿಕೆಯ ಪುಟ ತೆರೆದು ಓದಿ ನೋಡಬಹುದು. ಜೊತೆಗೆ ಸ್ಟ್ಯಾಂಡ್ ಎತ್ತರ ತಗ್ಗು ಮಾಡಲು ಬರುತ್ತದೆಯೇ, ಹಿಂದೆ 75 ಅಥವಾ 100 ಮಿಲಿಮೀಟರ್‌ನ ವೆಸಾ ತೂತುಗಳಿವೆಯೇ ನೋಡಿ. ಮುಂದೆ ಮಾನಿಟರ್ ಆರ್ಮ್ ಹಾಕಬೇಕೆನಿಸಿದರೆ ಅವು ಬೇಕು.

ಜೋಡಿಸುವ ದಿನ

ಮೇಜಿನ ಮೇಲೆ ಜಾಗ ಮೊದಲು ಗೊತ್ತುಮಾಡಿ. ಎರಡನ್ನೂ ಸಮಸಮ ಬಳಸುವವರು ಎರಡೂ ಸೇರುವ ಗೆರೆ ಮೂಗಿನ ನೇರಕ್ಕೆ ಬರುವಂತೆ, ಸ್ವಲ್ಪ ವಿ ಆಕಾರದಲ್ಲಿ ಇಡಿ. ಒಂದರಲ್ಲೇ ಜಾಸ್ತಿ ಕೆಲಸ ಇದ್ದರೆ ಅದು ಮುಖದ ನೇರಕ್ಕಿರಲಿ, ಇನ್ನೊಂದು ಪಕ್ಕಕ್ಕೆ. ದಿನವಿಡೀ ಕತ್ತು ಒಂದೇ ಕಡೆ ತಿರುಗಿಸಿಕೊಂಡು ಕೂರುವುದು ಬೇಡ. ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ, ದೂರ ಒಂದು ತೋಳಿನಷ್ಟು. ಕೋಣೆಯ ಕಿಟಕಿ ಬೆನ್ನ ಹಿಂದೆಯೂ ಬೇಡ, ಮಾನಿಟರ್ ಹಿಂದೆಯೂ ಬೇಡ, ಪಕ್ಕದಲ್ಲಿದ್ದರೆ ಒಳ್ಳೆಯದು.

ಪ್ಲಗ್ ಹಾಕುವ ಮುಂಚೆ ಅರ್ಥಿಂಗ್ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ನಮ್ಮ ಹಳೆಯ ಮನೆಗಳಲ್ಲಿ ಇದು ನಿಜವಾದ ಸಮಸ್ಯೆ. ಚಾರ್ಜ್‌ಗೆ ಹಾಕಿದ ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಜುಮ್ ಅನ್ನಿಸಿದರೆ ಆ ಸಾಕೆಟ್‌ನಲ್ಲಿ ಅರ್ಥ್ ಇಲ್ಲದಿರುವ ಸಾಧ್ಯತೆ ಜಾಸ್ತಿ. ಅಂಥ ಕಡೆ ಮಾನಿಟರ್ ಮತ್ತು ಲ್ಯಾಪ್‌ಟಾಪ್ ಎರಡೂ ಆನ್ ಇದ್ದಾಗ ಎಚ್‌ಡಿಎಂಐ ಸಿಕ್ಕಿಸಿದರೆ ತುದಿಯಲ್ಲಿ ಸಣ್ಣ ಕಿಡಿ ಬರಬಹುದು, ಪೋರ್ಟ್‌ಗೆ ಪೆಟ್ಟು ಬೀಳಬಹುದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸಿ. ಮೂರು ಪಿನ್‌ನ ಪ್ಲಗ್‌ಗೆ ಎರಡು ಪಿನ್‌ನ ಕನ್ವರ್ಟರ್ ಹಾಕಬೇಡಿ. ಲ್ಯಾಪ್‌ಟಾಪ್, ಎರಡು ಮಾನಿಟರ್, ಡಾಕ್ ಎಲ್ಲವೂ ಒಂದೇ ಸ್ಪೈಕ್ ಬಸ್ಟರ್‌ನಲ್ಲಿರಲಿ.

ಆಮೇಲಿನ ಕ್ರಮ ಇದು:

1. ಎಲ್ಲವೂ ಆಫ್ ಇರುವಾಗಲೇ ಚಿತ್ರದ ಕೇಬಲ್‌ಗಳನ್ನು ಸಿಕ್ಕಿಸಿ. ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಕೊಕ್ಕೆ ಇರುತ್ತದೆ. ತೆಗೆಯುವಾಗ ಅದರ ಗುಂಡಿ ಒತ್ತಬೇಕು, ಸುಮ್ನೆ ಎಳೆಯಬಾರದು.
2. ಡಾಕ್ ಇದ್ದರೆ ಅದಕ್ಕೆ ಕರೆಂಟ್ ಕೊಡಿ. ಆಮೇಲೆ ಮಾನಿಟರ್‌ಗಳನ್ನು ಆನ್ ಮಾಡಿ.
3. ಪ್ರತಿ ಮಾನಿಟರ್‌ನ ಗುಂಡಿ ಒತ್ತಿ, ಇನ್‌ಪುಟ್ ಮೆನುವಿನಲ್ಲಿ ನೀವು ಕೇಬಲ್ ಹಾಕಿದ ಪೋರ್ಟ್ ಆರಿಸಿ.
4. ಲ್ಯಾಪ್‌ಟಾಪ್ ಆನ್ ಮಾಡಿ. ಡಿಸ್‌ಪ್ಲೇಲಿಂಕ್ ಆದರೆ ಡ್ರೈವರ್ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ವಿಂಡೋಸ್‌ನಲ್ಲಿ

ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿ. ಬರುವ ಪಟ್ಟಿಯಲ್ಲಿ ಎಕ್ಸ್‌ಟೆಂಡ್ ಆರಿಸಿ. ಡ್ಯೂಪ್ಲಿಕೇಟ್ ಎಂದರೆ ಎಲ್ಲ ಕಡೆ ಒಂದೇ ಚಿತ್ರ, ಅದು ನಮಗೆ ಬೇಡ.

ಇನ್ನು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ. ಅಲ್ಲಿ 1, 2, 3 ಎಂದು ಚೌಕಗಳು ಕಾಣುತ್ತವೆ. ಐಡೆಂಟಿಫೈ ಒತ್ತಿದರೆ ಆಯಾ ಸ್ಕ್ರೀನ್ ಮೇಲೆ ಅದರ ನಂಬರ್ ಬರುತ್ತದೆ. ಈಗ ಚೌಕಗಳನ್ನು ಎಳೆದು ಮೇಜಿನ ಮೇಲೆ ಮಾನಿಟರ್‌ಗಳು ಹೇಗಿವೆಯೋ ಹಾಗೇ ಜೋಡಿಸಿ. ಎತ್ತರವನ್ನೂ ಹೊಂದಿಸಿ. ಲ್ಯಾಪ್‌ಟಾಪ್ ಕೆಳಗಿದ್ದರೆ ಅದರ ಚೌಕವೂ ಕೆಳಗಿರಲಿ. ಇದನ್ನು ಮಾಡದೇ ಬಿಟ್ಟವರಿಗೆ ಮೌಸ್ ಬಲಕ್ಕೆ ಒಯ್ದರೆ ಎಡದ ಮಾನಿಟರ್‌ನಲ್ಲಿ ಬರುತ್ತದೆ, ಇಲ್ಲವೇ ಅಂಚಿನಲ್ಲಿ ಗೋಡೆ ಸಿಕ್ಕಂತೆ ನಿಲ್ಲುತ್ತದೆ. ಜಾಸ್ತಿ ಬಳಸುವ ಮಾನಿಟರ್ ಆರಿಸಿ, ಅದನ್ನೇ ಮುಖ್ಯ ಡಿಸ್‌ಪ್ಲೇ ಮಾಡಿ.

ಅದೇ ಪುಟದಲ್ಲಿ ಪ್ರತಿ ಮಾನಿಟರ್‌ಗೂ ಬೇರೆ ಬೇರೆ ಸ್ಕೇಲ್ ಕೊಡಬಹುದು. ಎರಡೂ ಫುಲ್ ಎಚ್‌ಡಿ ಆಗಿದ್ದರೆ 15.6 ಇಂಚಿನ ಲ್ಯಾಪ್‌ಟಾಪ್‌ಗೆ 150, ಪಕ್ಕದ 24 ಇಂಚಿಗೆ 100 ಕೊಟ್ಟರೆ ಅಕ್ಷರದ ಗಾತ್ರ ಹೆಚ್ಚುಕಮ್ಮಿ ಒಂದೇ ಸಮ ಕಾಣುತ್ತದೆ. ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ 60 ಅಥವಾ ಅದಕ್ಕಿಂತ ಮೇಲಿದೆಯೇ ನೋಡಿ. 30 ಇದ್ದರೆ ಮೌಸ್ ಎಳೆದೆಳೆದು ಚಲಿಸುತ್ತದೆ, ಕಣ್ಣೂ ದಣಿಯುತ್ತದೆ. 4ಕೆ ಮಾನಿಟರ್ ಅನ್ನು ಹಳೆಯ ಎಚ್‌ಡಿಎಂಐ 1.4 ಪೋರ್ಟ್‌ಗೆ ಹಾಕಿದಾಗ ಹೀಗಾಗುತ್ತದೆ. 60 ಹರ್ಟ್ಜ್‌ನ 4ಕೆಗೆ ಎಚ್‌ಡಿಎಂಐ 2.0 ಬೇಕು. ಇಲ್ಲದಿದ್ದರೆ ಆ ಮಾನಿಟರ್ ಅನ್ನು ಟೈಪ್-ಸಿಗೆ ಬದಲಾಯಿಸಿ.

ಸ್ಟಾರ್ಟ್‌ನಲ್ಲಿ ಕ್ಲಿಯರ್‌ಟೈಪ್ (ಅಕ್ಷರ ಸ್ಪಷ್ಟ ಮಾಡುವ ಸೌಲಭ್ಯ) ಎಂದು ಹುಡುಕಿ, ಪ್ರತಿ ಮಾನಿಟರ್‌ಗೂ ಅದನ್ನು ನಡೆಸಿ. ಕೆಲವೇ ನಿಮಿಷದ ಕೆಲಸ. ಕನ್ನಡ ಅಕ್ಷರಗಳ ಅಂಚಿನಲ್ಲಿ ವ್ಯತ್ಯಾಸ ಕಾಣುತ್ತದೆ.

ದಿನಬಳಕೆಗೆ ಒಂದು ಶಾರ್ಟ್‌ಕಟ್ ಕಲಿತರೆ ಸಾಕು. ವಿಂಡೋಸ್ ಕೀ, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣ. ಎದುರಿಗಿರುವ ಕಿಟಕಿ ಪಕ್ಕದ ಮಾನಿಟರ್‌ಗೆ ಹೋಗುತ್ತದೆ. ಮಾನಿಟರ್ ಬಿಚ್ಚಿದ ಮೇಲೆ ಎಲ್ಲೋ ಕಾಣದ ಜಾಗದಲ್ಲಿ ಸಿಕ್ಕಿಕೊಂಡ ಕಿಟಕಿಯನ್ನು ಎಳೆದು ತರಲೂ ಇದೇ ಬರುತ್ತದೆ.

ಲ್ಯಾಪ್‌ಟಾಪ್ ಮುಚ್ಚಿಟ್ಟು ಎರಡು ಮಾನಿಟರ್‌ನಲ್ಲಷ್ಟೇ ಕೆಲಸ ಮಾಡಬೇಕೆಂದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂಬ ಆಯ್ಕೆ ಇದೆ. ಚಾರ್ಜ್‌ನಲ್ಲಿರುವಾಗ ಮಾತ್ರ ಹಾಗೆ ಇಡಿ. ಬ್ಯಾಟರಿಯ ಆಯ್ಕೆಯನ್ನು ಬದಲಿಸಬೇಡಿ. ಬದಲಿಸಿದರೆ ಬ್ಯಾಗ್‌ನೊಳಗೆ ಲ್ಯಾಪ್‌ಟಾಪ್ ಓಡುತ್ತಲೇ ಇದ್ದು ಬಿಸಿಯಾಗುತ್ತದೆ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಡಿಸ್‌ಪ್ಲೇಸ್, ಅರೇಂಜ್. ಚೌಕಗಳನ್ನು ಎಳೆದು ಜೋಡಿಸಿ. ಮೇಲಿರುವ ಬಿಳಿ ಪಟ್ಟಿಯನ್ನು ಯಾವ ಚೌಕಕ್ಕೆ ಎಳೆಯುತ್ತೀರೋ ಅದೇ ಮುಖ್ಯ ಸ್ಕ್ರೀನ್. ಮುಚ್ಚಿಟ್ಟು ಬಳಸಲು ಚಾರ್ಜರ್, ಹೊರಗಿನ ಕೀಬೋರ್ಡ್, ಮೌಸ್ ಬೇಕು.

ಉಬುಂಟುವಿನಲ್ಲಿ ಸೆಟ್ಟಿಂಗ್ಸ್, ಡಿಸ್‌ಪ್ಲೇಸ್, ಜಾಯಿನ್ ಡಿಸ್‌ಪ್ಲೇಸ್. ಎನ್‌ವಿಡಿಯಾ ಕಾರ್ಡ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಆ ಕಾರ್ಡ್‌ಗೇ ನೇರ ಸೇರಿರುತ್ತದೆ. ಆಗ ಎನ್‌ವಿಡಿಯಾದ ಡ್ರೈವರ್ ಹಾಕುವ ತನಕ ಎಚ್‌ಡಿಎಂಐಯಲ್ಲಿ ಚಿತ್ರ ಬರದೇ ಇರಬಹುದು.

ಕರೆಂಟ್ ಹೋದರೆ

24 ಇಂಚಿನ ಒಂದು ಎಲ್‌ಇಡಿ ಮಾನಿಟರ್ ಸುಮಾರು 15ರಿಂದ 25 ವಾಟ್ ತಿನ್ನುತ್ತದೆ. ಎರಡು ಸೇರಿದರೂ ಒಂದು ಸೀಲಿಂಗ್ ಫ್ಯಾನ್‌ಗಿಂತ ಹೊರೆ ಕಡಿಮೆ. ಮನೆಯ ಇನ್‌ವರ್ಟರ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ ಇನ್‌ವರ್ಟರ್ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಮಾನಿಟರ್‌ಗಳು ಒಮ್ಮೆ ಕಪ್ಪಾಗಬಹುದು. ಡಾಕ್ ಇದ್ದರೆ ಅದು ರೀಸ್ಟಾರ್ಟ್ ಆಗಿ, ಕಿಟಕಿಗಳೆಲ್ಲ ಲ್ಯಾಪ್‌ಟಾಪ್ ಸ್ಕ್ರೀನ್‌ಗೆ ಬಂದು ಬೀಳುತ್ತವೆ. ಇನ್‌ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ, ಬದಲಾವಣೆ ಬೇಗ ಆಗುತ್ತದೆ. ಇಲ್ಲವೇ ಮಾನಿಟರ್, ಡಾಕ್, ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಇಡಿ. ವಿಂಡೋಸ್ 11ರ ಡಿಸ್‌ಪ್ಲೇ ಪುಟದಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್ ತೆರೆದರೆ ಮಾನಿಟರ್ ಮತ್ತೆ ಬಂದಾಗ ಕಿಟಕಿಗಳನ್ನು ಹಳೆಯ ಜಾಗಕ್ಕೇ ಕೂರಿಸುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಗುಡುಗು ಸಿಡಿಲಿನ ಸಂಜೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ನೆಟ್‌ನ ತಂತಿಯನ್ನೂ ಡಾಕ್‌ನಿಂದ ಬಿಚ್ಚಿ. ಒಂದಕ್ಕೊಂದು ಸೇರಿಕೊಂಡಿರುವುದರಿಂದ ಪೆಟ್ಟು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಚಿತ್ರ ಬರದಿದ್ದರೆ

ಮಾನಿಟರ್ ನೋ ಸಿಗ್ನಲ್ ಎನ್ನುತ್ತಿದ್ದರೆ ಮೊದಲು ಅದರ ಇನ್‌ಪುಟ್ ಮತ್ತೊಮ್ಮೆ ನೋಡಿ. ಸರಿ ಇದ್ದರೆ ಎರಡು ಮಾನಿಟರ್‌ಗಳ ಕೇಬಲ್ ಅದಲು ಬದಲು ಮಾಡಿ. ತೊಂದರೆ ಕೇಬಲ್ ಜೊತೆಗೇ ಹೋದರೆ ಕೇಬಲ್ ಕೆಟ್ಟಿದೆ. ಮಾನಿಟರ್‌ನಲ್ಲೇ ಉಳಿದರೆ ಮಾನಿಟರ್‌ನದು. ಲ್ಯಾಪ್‌ಟಾಪ್‌ನ ಅದೇ ಪೋರ್ಟ್‌ನಲ್ಲಿ ಉಳಿದರೆ ಪೋರ್ಟ್ ಅಥವಾ ಡ್ರೈವರ್. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ, ಇಲ್ಲದಿದ್ದರೆ ಕಾರಣ ಸಿಗುವುದಿಲ್ಲ.

ಒಂದೊಂದಾಗಿ ಹಾಕಿದರೆ ಎರಡೂ ಬರುತ್ತವೆ, ಒಟ್ಟಿಗೆ ಹಾಕಿದರೆ ಒಂದು ಮಾತ್ರ ಅಂದರೆ ಅದು ಸಾಮರ್ಥ್ಯದ ಪ್ರಶ್ನೆ. ಒಂದರ ರೆಸಲ್ಯೂಷನ್ ಅಥವಾ ರಿಫ್ರೆಶ್ ರೇಟ್ ಇಳಿಸಿ ನೋಡಿ. ಎರಡನೆಯದು ಆಗ ಬಂದರೆ ಡಾಕ್ ಬದಲಿಸಬೇಕು ಅಥವಾ ಒಂದು ಮಾನಿಟರ್ ಅನ್ನು ನೇರ ಎಚ್‌ಡಿಎಂಐಗೆ ಹಾಕಬೇಕು.

ನಿದ್ದೆಯಿಂದ ಎದ್ದ ಲ್ಯಾಪ್‌ಟಾಪ್ ಮಾನಿಟರ್ ಹಿಡಿಯದಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ತೆರೆದಿಟ್ಟ ಕೆಲಸಕ್ಕೆ ಏನೂ ಆಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಡಾಕ್‌ನ ಪವರ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿ.

ಕುರ್ಚಿಯಿಂದ ಎದ್ದಾಗಲೋ ಕೂತಾಗಲೋ ಮಾನಿಟರ್ ಒಂದು ಕ್ಷಣ ಕಪ್ಪಾಗಿ ಬರುತ್ತದೆಯೇ? ವಿಚಿತ್ರ ಅನ್ನಿಸಿದರೂ ಇದಕ್ಕೆ ಕಾರಣ ಇದೆ. ಎತ್ತರ ಬದಲಿಸುವ ಗ್ಯಾಸ್ ಕುರ್ಚಿಗಳಲ್ಲಿ ಸ್ಥಿರ ವಿದ್ಯುತ್ ಚಿಮ್ಮುತ್ತದೆ. ಸರಿಯಾದ ಕವಚ ಇಲ್ಲದ ಅಗ್ಗದ ಕೇಬಲ್ ಅದನ್ನು ಹಿಡಿದುಕೊಳ್ಳುತ್ತದೆ. ಚಿಕ್ಕದಾದ, ಒಳ್ಳೆಯ ಗುಣಮಟ್ಟದ ಕೇಬಲ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಬಂದ ದಿನವೇ ಎರಡೂ ಮಾನಿಟರ್, ಎಲ್ಲ ಕೇಬಲ್, ಡಾಕ್‌ನ ಪ್ರತಿ ಪೋರ್ಟ್ ಪರೀಕ್ಷಿಸಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕಿಗಳಿವೆಯೇ ನೋಡಿ. ಬದಲಿಸಿಕೊಡುವ ಅವಧಿ ಕೆಲವೇ ದಿನ ಇರುತ್ತದೆ, ಅಲ್ಲಿಯ ತನಕ ಡಬ್ಬಿ ಮತ್ತು ಥರ್ಮಾಕೋಲ್ ಎಸೆಯಬೇಡಿ.